ಎರಡೂವರೆ ದಿನ, ಗೊತ್ತಿಲ್ಲದ ನಗರ: ಕಿರು ಪ್ರವಾಸವನ್ನು ಗಂಟೆ ಲೆಕ್ಕದಲ್ಲಿ ಯೋಜಿಸುವುದು ಹೇಗೆ?

ಶುಕ್ರವಾರ ಸಂಜೆ ಹೊರಟು ಸೋಮವಾರ ಮಧ್ಯಾಹ್ನ ವಾಪಸ್ ಎಂದರೆ ಕೇಳುವವರಿಗೆ ನಾಲ್ಕು ದಿನದ ಪ್ರವಾಸ. ಕ್ಯಾಲೆಂಡರಿನಲ್ಲೂ ನಾಲ್ಕು ಚೌಕ ತುಂಬುತ್ತದೆ. ಹೀಗೆ ದಿನದ ಲೆಕ್ಕ ಹಿಡಿದು ಹೊರಟವರು ಮೂವತ್ತು ಜಾಗಗಳ ಪಟ್ಟಿ ಮಾಡುತ್ತಾರೆ, ಎಂಟನ್ನು ಅವಸರದಲ್ಲಿ ನೋಡುತ್ತಾರೆ, ಉಳಿದ ಇಪ್ಪತ್ತೆರಡರ ಕೊರಗು ಹೊತ್ತು ಮರಳುತ್ತಾರೆ. ವಾರಗಟ್ಟಲೆ ಇರುವ ಪ್ರವಾಸದಲ್ಲಿ ಒಂದು ಬೆಳಗ್ಗೆ ಹಾಳಾದರೆ ಮರುದಿನ ಸರಿಪಡಿಸಿಕೊಳ್ಳಬಹುದು. ಎರಡೂವರೆ ದಿನದಲ್ಲಿ ಆ ಮರುದಿನವೇ ಇರುವುದಿಲ್ಲ. ಹಾಗಾಗಿ ಕಿರು ಪ್ರವಾಸದ ಯೋಜನೆ ದೀರ್ಘ ಪ್ರವಾಸದ ಸಣ್ಣ ಆವೃತ್ತಿಯಲ್ಲ, ಅದರ ಕ್ರಮವೇ ಬೇರೆ. ಇಲ್ಲಿ ಮೊದಲು ಮುಗಿದುಹೋಗುವುದು ದುಡ್ಡಲ್ಲ, ಹೊತ್ತು.

ಹಂತ 1: ಕೈಯಲ್ಲಿರುವ ಗಂಟೆಗಳನ್ನು ಎಣಿಸಿ

ಜಾಗಗಳ ಪಟ್ಟಿ ಮಾಡುವ ಮೊದಲೇ ಇದನ್ನು ಮಾಡಿ. ಕಾಗದದ ಮೇಲೆ ಬರೆದರೆ ಇನ್ನೂ ಒಳ್ಳೆಯದು.

ಶುಕ್ರವಾರ ರಾತ್ರಿ 7ಕ್ಕೆ ವಿಮಾನ ಇಳಿಯುತ್ತದೆ ಎಂದುಕೊಳ್ಳಿ. ತಪಾಸಣೆ, ಸಾಮಾನು, ಊರೊಳಗಿನ ಪಯಣ, ಕೋಣೆಯ ಬೀಗ ಎಲ್ಲ ಮುಗಿಯುವಾಗ 9.30. ಆ ರಾತ್ರಿ ಒಂದು ಊಟ, ಒಂದು ಸಣ್ಣ ಅಡ್ಡಾಟಕ್ಕಷ್ಟೇ ಸಾಕು. ಶನಿವಾರ ಬೆಳಗ್ಗೆ 9ರಿಂದ ರಾತ್ರಿ 9, ಹನ್ನೆರಡು ಗಂಟೆ. ಭಾನುವಾರವೂ ಅಷ್ಟೇ. ಸೋಮವಾರ 2 ಗಂಟೆಗೆ ವಿಮಾನವಿದ್ದರೆ 10ಕ್ಕೆ ಕೋಣೆ ಬಿಡಲೇಬೇಕು, ಸಿಗುವುದು ಒಂದು ಗಂಟೆ. ಒಟ್ಟು ಇಪ್ಪತ್ತೈದು, ಇಪ್ಪತ್ತಾರು ಗಂಟೆ.

ಇದರಲ್ಲಿ ಎರಡು ದಿನದ ಊಟ ತಿಂಡಿಗೆ ಆರು ಗಂಟೆ ಹೋಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡಾಡಲು ನಾಲ್ಕು. ಸಾಲಿನಲ್ಲಿ ನಿಲ್ಲುವುದು, ಶೌಚಾಲಯ ಹುಡುಕುವುದು, ಕಾಲು ಚಾಚಿ ಕೂರುವುದು, ದಾರಿ ತಪ್ಪುವುದು ಎಲ್ಲ ಸೇರಿ ಇನ್ನೊಂದು ನಾಲ್ಕು. ಕೊನೆಗೆ ನಿಜವಾಗಿ ‘ನೋಡುವುದಕ್ಕೆ’ ಉಳಿಯುವುದು ಹನ್ನೆರಡು ಗಂಟೆ. ದೊಡ್ಡ ವಸ್ತುಸಂಗ್ರಹಾಲಯಕ್ಕೆ ಮೂರು ಗಂಟೆ, ಅರಮನೆಗೋ ಕೋಟೆಗೋ ಎರಡೂವರೆ, ಒಂದು ಹಳೆಯ ಬಡಾವಣೆಯನ್ನು ಸಾವಕಾಶವಾಗಿ ಸುತ್ತಲು ಎರಡು ಎಂದು ಹಿಡಿದರೆ ಐದು ಜಾಗಕ್ಕೆ ಲೆಕ್ಕ ಮುಗಿಯಿತು.

ಐದು ಎಂಬ ಸಂಖ್ಯೆ ನೋಡಿ ಬೇಸರವಾಗುವುದು ಸಹಜ. ಆದರೆ ಆ ಬೇಸರ ಪ್ರವಾಸಕ್ಕೆ ಮೊದಲೇ, ಮನೆಯಲ್ಲಿ ಕೂತಿದ್ದಾಗಲೇ ಆಗಿಬಿಡುವುದು ಮೇಲು. ಈಗ ಗಂಟೆಯ ಕಣ್ಣಿನಿಂದ ವಿಮಾನದ ಟಿಕೆಟ್ಟನ್ನೂ ನೋಡಿ. ಶನಿವಾರ ಮಧ್ಯಾಹ್ನ ಇಳಿಸುವ ಅಗ್ಗದ ವಿಮಾನ ನಿಮ್ಮ ಹನ್ನೆರಡರಲ್ಲಿ ಮೂರು ಗಂಟೆ ನುಂಗುತ್ತದೆ. ಉಳಿಸಿದ ಹಣ ಆ ಮೂರು ಗಂಟೆಗೆ ಸಮವೇ ಎಂದು ಕೇಳಿಕೊಂಡರೆ ತೀರ್ಮಾನ ತಾನಾಗಿ ಬರುತ್ತದೆ.

ಹಂತ 2: ನಗರ ಮತ್ತು ದಿನಾಂಕವನ್ನು ಜೊತೆಯಾಗಿ ಆರಿಸಿ

ಮೊದಲು ನಗರ, ಆಮೇಲೆ ದಿನಾಂಕ ಎಂದು ಹೋದರೆ ಎಡವಟ್ಟು. ಎರಡನ್ನೂ ಒಟ್ಟಿಗೆ ತೂಗಿ.

ಕಾಲವಲಯದ ವ್ಯತ್ಯಾಸ ಎರಡು, ಮೂರು ಗಂಟೆ ಮೀರಿದರೆ ಮೂರು ರಾತ್ರಿಯ ಪ್ರವಾಸಕ್ಕೆ ಆ ನಗರ ಬೇಡ ಎನ್ನುವುದು ನನ್ನ ಅಭಿಪ್ರಾಯ. ಒಂದು ಗಂಟೆಯ ವ್ಯತ್ಯಾಸಕ್ಕೆ ಹೊಂದಿಕೊಳ್ಳಲು ಮೈಗೆ ಹೆಚ್ಚುಕಡಿಮೆ ಒಂದು ದಿನ ಬೇಕು ಎಂಬುದು ಸಾಮಾನ್ಯ ಅಂದಾಜು. ಆರು ಗಂಟೆಯ ವ್ಯತ್ಯಾಸವಿರುವ ಊರಿಗೆ ಎರಡು ದಿನಕ್ಕೆ ಹೋದವರು ಅಲ್ಲಿನ ವೇಳೆಗೆ ಹೊಂದಿಕೊಳ್ಳುವ ಮೊದಲೇ ವಾಪಸ್ ಬಂದಿರುತ್ತಾರೆ, ಬಂದ ಮೇಲೆ ಇಲ್ಲಿಯ ನಿದ್ದೆಯೂ ಕೆಟ್ಟಿರುತ್ತದೆ.

ಬಿಸಿಲಿನ ಲೆಕ್ಕವನ್ನು ಹೆಚ್ಚಿನವರು ಹಾಕುವುದೇ ಇಲ್ಲ. ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ, ಲಂಡನ್ನಿನಲ್ಲಿ ನಾಲ್ಕರ ಸುಮಾರಿಗೆ. ಜೂನ್‌ನಲ್ಲಿ ಅದೇ ಸ್ಟಾಕ್‌ಹೋಮ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಸಮಭಾಜಕದ ಹತ್ತಿರದ ಸಿಂಗಪುರದಲ್ಲಿ ವರ್ಷವಿಡೀ ಸಂಜೆ ಏಳರ ಆಸುಪಾಸಿಗೇ ಸೂರ್ಯಾಸ್ತ. ಉದ್ಯಾನ, ನದಿದಂಡೆ, ಹಳೆಯ ಬೀದಿಗಳನ್ನು ನೋಡಲು ಹೋಗುವವರಿಗೆ ಇದು ಹವಾಮಾನದಷ್ಟೇ ಮುಖ್ಯ. ಚಳಿಗಾಲದ ಉತ್ತರದ ನಗರವನ್ನು ಆರಿಸಿದರೆ ಹಗಲನ್ನು ಹೊರಗಿನ ಜಾಗಗಳಿಗೆ, ಸಂಜೆಯನ್ನು ತಡವಾಗಿ ಮುಚ್ಚುವ ಸಂಗ್ರಹಾಲಯಗಳಿಗೆ ಇಟ್ಟುಕೊಳ್ಳಬೇಕಾಗುತ್ತದೆ.

ಇನ್ನು ಆ ವಾರ ಆ ಊರಿನಲ್ಲಿ ಏನಿದೆ ಎನ್ನುವುದು. ಅಕ್ಟೋಬರ್‌ನಲ್ಲಿ ಫ್ರಾಂಕ್‌ಫರ್ಟ್ ಪುಸ್ತಕ ಮೇಳ, ಏಪ್ರಿಲ್‌ನಲ್ಲಿ ಮಿಲಾನ್ ವಿನ್ಯಾಸ ಸಪ್ತಾಹ, ಸೆಪ್ಟೆಂಬರ್ ಕೊನೆಯಲ್ಲಿ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ನಡೆಯುವಾಗ ಕೋಣೆಗಳ ಬಾಡಿಗೆ ಗಗನಕ್ಕೇರುತ್ತದೆ, ಸಿಕ್ಕರೆ ಅದೇ ದೊಡ್ಡದು. ಏಪ್ರಿಲ್ ಕೊನೆ, ಮೇ ಆರಂಭದ ಗೋಲ್ಡನ್ ವೀಕ್‌ನಲ್ಲಿ ಜಪಾನಿನವರೇ ಪ್ರವಾಸಕ್ಕೆ ಹೊರಟಿರುತ್ತಾರೆ. ಕೋಣೆಯ ಬೆಲೆ ಒಂದು ವಾರದಲ್ಲಿ ಮಾತ್ರ ಇದ್ದಕ್ಕಿದ್ದಂತೆ ದುಪ್ಪಟ್ಟಾಗಿದ್ದರೆ ಅಲ್ಲೇನೋ ನಡೆಯುತ್ತಿದೆ ಎಂದೇ ಅರ್ಥ. ಕಾರಣ ಹುಡುಕಿ, ಇಲ್ಲವೇ ವಾರ ಬದಲಿಸಿ.

ಹಂತ 3: ವಿಮಾನ ನಿಲ್ದಾಣದ ಹೆಸರನ್ನು ನಂಬಬೇಡಿ

ನಗರದ ಹೆಸರು ಹೊತ್ತ ನಿಲ್ದಾಣವೆಲ್ಲ ಆ ನಗರದಲ್ಲಿರುವುದಿಲ್ಲ. ಫ್ರಾಂಕ್‌ಫರ್ಟ್-ಹಾನ್ ನಿಲ್ದಾಣ ಫ್ರಾಂಕ್‌ಫರ್ಟ್‌ನಿಂದ ಸುಮಾರು 120 ಕಿ.ಮೀ. ದೂರ. ಪ್ಯಾರಿಸ್-ಬೋವೆ ಸುಮಾರು 85 ಕಿ.ಮೀ., ಸ್ಟಾಕ್‌ಹೋಮ್-ಸ್ಕಾವ್‌ಸ್ಟಾ ಸುಮಾರು 100 ಕಿ.ಮೀ. ಟೋಕಿಯೊಗೆ ಹೋಗುವವರಿಗೆ ಹನೇಡಾ ಊರ ಅಂಚಿನಲ್ಲೇ ಇದೆ, ನರಿಟಾ ಅರವತ್ತು ಕಿ.ಮೀ. ಆಚೆ. ಟಿಕೆಟ್ಟಿನಲ್ಲಿ ಉಳಿದದ್ದು ಬಸ್ಸಿಗೆ ಹೋಗಿ, ಜೊತೆಗೆ ಮೂರು ಗಂಟೆಯೂ ಹೋದರೆ ಮೂಗಿಗಿಂತ ಮೂಗುತಿಯೇ ಭಾರ.

ಎರಡು ನಿಲ್ದಾಣಗಳಿರುವ ಊರಿನಲ್ಲಿ ಬರುವುದು ಒಂದಕ್ಕೆ, ಹೊರಡುವುದು ಇನ್ನೊಂದರಿಂದ ಆಗಿರಬಹುದು. ಬ್ಯಾಂಕಾಕ್‌ನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುಯಾಂಗ್ ಇವೆ. ಇಸ್ತಾಂಬುಲ್‌ನ ಹೊಸ ನಿಲ್ದಾಣ ಯುರೋಪಿನ ಬದಿಯಲ್ಲಿದ್ದರೆ ಸಬಿಹಾ ಗ್ಯೋಕ್ಚೆನ್ ಏಷ್ಯಾದ ಬದಿಯಲ್ಲಿ. ತಪ್ಪು ಖಂಡಕ್ಕೆ ಟ್ಯಾಕ್ಸಿ ಹಿಡಿಯುವ ಅಪಾಯ ಜಗತ್ತಿನ ಬೇರೆ ಊರುಗಳಲ್ಲಿ ಇಷ್ಟು ಸುಲಭವಾಗಿ ಒದಗುವುದಿಲ್ಲ. ಟಿಕೆಟ್ ಕಾಯ್ದಿರಿಸುವಾಗ ಮೂರಕ್ಷರದ ನಿಲ್ದಾಣ ಸಂಕೇತವನ್ನು ಎರಡೂ ದಿಕ್ಕಿಗೆ ನೋಡಿಕೊಳ್ಳಿ.

ನೀವು ಇಳಿಯುವ ಹೊತ್ತಿಗೆ ಊರೊಳಗೆ ಹೋಗುವ ರೈಲೋ ಬಸ್ಸೋ ಇದೆಯೇ ಎಂಬುದನ್ನೂ ಈಗಲೇ ನೋಡಿ. ಟೋಕಿಯೊದಲ್ಲಿ ನಡುರಾತ್ರಿಯ ಹೊತ್ತಿಗೆ ರೈಲುಗಳು ನಿಂತು ಬೆಳಗಿನ ಐದರ ಸುಮಾರಿಗೆ ಮತ್ತೆ ಶುರುವಾಗುತ್ತವೆ. ನ್ಯೂಯಾರ್ಕ್ ಸಬ್‌ವೇ, ಕೋಪನ್‌ಹೇಗನ್ ಮೆಟ್ರೊ ಇಡೀ ರಾತ್ರಿ ಓಡುತ್ತವೆ. ರಾತ್ರಿ 11.40ಕ್ಕೆ ಇಳಿಯುವ ವಿಮಾನ ಮೊದಲನೆಯ ಬಗೆಯ ಊರಿನಲ್ಲಿ ಒಂದು ಕತೆ, ಎರಡನೆಯ ಬಗೆಯ ಊರಿನಲ್ಲಿ ಬೇರೆ ಕತೆ.

ಹಂತ 4: ಉಳಿಯುವ ಜಾಗ

ಇಡೀ ಯೋಜನೆಯಲ್ಲಿ ಹೆಚ್ಚು ಹೊತ್ತು ಕೂರಬೇಕಾದದ್ದು ಇದರ ಮುಂದೆ. ಕೋಣೆ ಹೇಗಿದೆ ಎಂಬುದಕ್ಕಿಂತ ಎಲ್ಲಿದೆ ಎಂಬುದು ಮುಖ್ಯ. ಮೂರು ರಾತ್ರಿಯ ಪ್ರವಾಸದಲ್ಲಿ ಕೋಣೆಯೊಳಗೆ ಕಣ್ಣು ತೆರೆದಿರುವ ಹೊತ್ತು ಬಹಳ ಕಡಿಮೆ. ಕೋಣೆಗೆ ಹೋಗಿಬರುವ ದಾರಿಯನ್ನು ಮಾತ್ರ ದಿನಕ್ಕೆ ಎರಡು ಸಲ, ಕೆಲವೊಮ್ಮೆ ನಾಲ್ಕು ಸಲ ಸವೆಸುತ್ತೀರಿ. ಊರ ಹೊರಗಿನ ದೊಡ್ಡ ಕೋಣೆ, ಊರ ನಡುವಿನ ಚಿಕ್ಕ ಕೋಣೆ ಒಂದೇ ಬೆಲೆಗೆ ಸಿಕ್ಕರೆ ಚಿಕ್ಕದನ್ನೇ ಹಿಡಿಯಿರಿ. ಮಧ್ಯಾಹ್ನ ಅರ್ಧ ಗಂಟೆ ಕೋಣೆಗೆ ಬಂದು ಮಲಗುವ ಸೌಕರ್ಯ ಒಂದೇ ಸಾಕು, ದಿನದ ಉತ್ತರಾರ್ಧವೇ ಬದಲಾಗುತ್ತದೆ.

‘ನಗರದ ಮಧ್ಯಭಾಗದಿಂದ 1.2 ಕಿ.ಮೀ.’ ಎಂಬ ಜಾಹೀರಾತಿನ ಸಾಲಿಗೆ ಬೆಲೆ ಕೊಡಬೇಡಿ. ಆ ಮಧ್ಯಭಾಗ ಯಾವುದೆಂದು ತೀರ್ಮಾನಿಸಿದ್ದು ಜಾಲತಾಣವೇ ಹೊರತು ನೀವಲ್ಲ. ನೀವು ನೋಡಬೇಕೆಂದಿರುವ ಐದು ಜಾಗಗಳನ್ನು ನಕ್ಷೆಯಲ್ಲಿ ಗುರುತು ಮಾಡಿ, ಆ ಐದರ ನಡುವೆ ಎಲ್ಲೋ ಬರುವ, ಇಲ್ಲವೇ ಆ ಐದಕ್ಕೂ ಒಂದೇ ಮಾರ್ಗದಲ್ಲಿ ತಲುಪಿಸುವ ಮೆಟ್ರೊ ಅಥವಾ ಟ್ರ್ಯಾಮ್ ನಿಲ್ದಾಣದ ಬಳಿ ಹುಡುಕಿ. ಹಣ ಕಟ್ಟುವ ಮುನ್ನ ಪ್ರತಿ ಕೋಣೆಗೂ ಕೆಲವು ಪರೀಕ್ಷೆಗಳು:

- ನಕ್ಷೆಯ ಆ್ಯಪ್‌ನಲ್ಲಿ ಹೊರಡುವ ಸಮಯವನ್ನು ನಿಮ್ಮ ವಿಮಾನ ಇಳಿಯುವ ರಾತ್ರಿಗೇ ಹೊಂದಿಸಿ ವಿಮಾನ ನಿಲ್ದಾಣದಿಂದ ಕೋಣೆಗೆ ದಾರಿ ಕೇಳಿ. ಹಗಲಿನ ಉತ್ತರ ರಾತ್ರಿಗೆ ಅನ್ವಯಿಸುವುದಿಲ್ಲ. ಎರಡು ಸಲಕ್ಕಿಂತ ಹೆಚ್ಚು ಗಾಡಿ ಬದಲಿಸಬೇಕಾಗಿ ಬಂದರೆ ಕೈಬಿಡಿ.
- ಹತ್ತಿರದ ನಿಲ್ದಾಣದಿಂದ ಬಾಗಿಲವರೆಗೆ ಸ್ಟ್ರೀಟ್ ವ್ಯೂನಲ್ಲಿ (ನಕ್ಷೆಯ ಆ್ಯಪ್ ತೋರಿಸುವ ರಸ್ತೆಯ ಚಿತ್ರಗಳಲ್ಲಿ) ನಡೆದುನೋಡಿ. ದೀಪದ ಕಂಬ, ಕಾಲುದಾರಿ, ತೆರೆದ ಅಂಗಡಿಗಳು ಇವೆಯೇ? ಲಿಸ್ಬನ್, ಇಸ್ತಾಂಬುಲ್‌ನಂಥ ಗುಡ್ಡದ ಊರುಗಳಲ್ಲಿ ನಕ್ಷೆಯ 300 ಮೀಟರ್ ಎಂದರೆ ಮೂರು ಮಹಡಿ ಮೆಟ್ಟಿಲು ಹತ್ತಿದಂತಿರಬಹುದು. ನಡಿಗೆಯ ದಾರಿ ತೋರಿಸುವಾಗ ಏರಿಳಿತವನ್ನೂ ತೋರಿಸುವ ಆ್ಯಪ್‌ಗಳಿವೆ, ಅದನ್ನು ನೋಡಿ.
- ವಿಮರ್ಶೆಗಳಲ್ಲಿ ಅಂಕ ನೋಡುವುದಕ್ಕಿಂತ ‘ಶಬ್ದ’, ‘ಲಿಫ್ಟ್’, ‘ಬಿಸಿನೀರು’, ‘ತಿಗಣೆ’ ಎಂಬ ಪದಗಳನ್ನು ಹುಡುಕಿ. ಕಳೆದ ಆರು ತಿಂಗಳಲ್ಲಿ ಬರೆದವನ್ನೇ ಓದಿ. ಇಬ್ಬರು ಮೂವರು ಒಂದೇ ದೂರು ಹೇಳಿದ್ದರೆ ಅದು ನಿಜ.
- ಬೆಳಗ್ಗೆ ಬೇಗ ಬಂದರೆ, ಕೊನೆಯ ದಿನ ಕೋಣೆ ಬಿಟ್ಟ ಮೇಲೆ, ಬ್ಯಾಗ್ ಇಟ್ಟುಕೊಳ್ಳುತ್ತಾರೆಯೇ? ಮನೆ ಬಾಡಿಗೆಯ ಜಾಗಗಳಲ್ಲಿ ಬಹಳ ಸಲ ಇಟ್ಟುಕೊಳ್ಳುವುದಿಲ್ಲ. ಈ ಒಂದೇ ಕಾರಣಕ್ಕೆ ಮೂರು ರಾತ್ರಿಗೆ ನಾನು ಹೋಟೆಲ್ಲನ್ನೇ ಮೇಲು ಎನ್ನುತ್ತೇನೆ.

ಹಣ ವಾಪಸ್ ಸಿಗುವ ಬಗೆಯ ಕೋಣೆಯನ್ನು ಮೊದಲು ಕಾಯ್ದಿರಿಸಿ, ಆಮೇಲೆ ವಿಮಾನ ಖಚಿತ ಮಾಡುವುದು ಸುರಕ್ಷಿತ ಕ್ರಮ. ರದ್ದು ಮಾಡಲು ಕೊನೆಯ ದಿನಾಂಕವನ್ನು ಫೋನಿನ ಕ್ಯಾಲೆಂಡರಿನಲ್ಲಿ ಹಾಕಿಡಿ. ಅದು ಆ ಊರಿನ ಗಡಿಯಾರದ ಪ್ರಕಾರ ಎಂಬುದು ನೆನಪಿರಲಿ.

ಹಂತ 5: ಮುಚ್ಚಿರುವ ದಿನ, ಮೊದಲೇ ಮುಗಿಯುವ ಟಿಕೆಟ್

ಯೋಜನೆಯ ಬೆನ್ನೆಲುಬು ಇಲ್ಲಿ ಸಿಗುತ್ತದೆ. ನಿಮ್ಮ ಐದು ಜಾಗಗಳಲ್ಲಿ ಯಾವುದು ಯಾವ ದಿನ ಮುಚ್ಚಿರುತ್ತದೆ ಎಂದು ಆಯಾ ಸಂಸ್ಥೆಯ ಅಧಿಕೃತ ತಾಣದಲ್ಲೇ ನೋಡಿ. ಪ್ಯಾರಿಸ್‌ನ ಲೂವ್ರ್ ಮಂಗಳವಾರ ಮುಚ್ಚಿರುತ್ತದೆ, ಹೊಳೆಯಾಚೆಯ ಓರ್ಸೆ ಸಂಗ್ರಹಾಲಯ ಸೋಮವಾರ. ಫ್ಲಾರೆನ್ಸಿನ ಉಫಿಜಿ ಕಲಾ ಗ್ಯಾಲರಿ ಸೋಮವಾರ. ವ್ಯಾಟಿಕನ್ ಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರಗಳಂದು ಇಲ್ಲ. ತಾಜ್‌ಮಹಲ್‌ಗೆ ಶುಕ್ರವಾರ ಪ್ರವೇಶವಿಲ್ಲ. ಜಪಾನಿನ ರಾಷ್ಟ್ರೀಯ ಸಂಗ್ರಹಾಲಯಗಳು ಸಾಮಾನ್ಯವಾಗಿ ಸೋಮವಾರ ಮುಚ್ಚುತ್ತವೆ, ಸೋಮವಾರ ಸರ್ಕಾರಿ ರಜೆಯಾದರೆ ಅಂದು ತೆರೆದು ಮರುದಿನ ಮುಚ್ಚುತ್ತವೆ. ಸೋಮವಾರದ ಬೆಳಗನ್ನು ಸಂಗ್ರಹಾಲಯಕ್ಕೆಂದು ಮೀಸಲಿಟ್ಟ ಯೋಜನೆಗಳು ಜಗತ್ತಿನಾದ್ಯಂತ ಬಾಗಿಲ ಮುಂದೆ ನಿಂತು ಕೊನೆಯಾಗುತ್ತವೆ.

ಈ ತಿಳಿವಳಿಕೆಗೆ ಇನ್ನೊಂದು ಉಪಯೋಗವೂ ಇದೆ. ಬ್ಯಾಂಕಾಕ್‌ನ ಗ್ರ್ಯಾಂಡ್ ಪ್ಯಾಲೇಸ್ ಸುತ್ತ ‘ಇವತ್ತು ಅರಮನೆ ಮುಚ್ಚಿದೆ, ಬನ್ನಿ ಬೇರೆ ಕಡೆ ತೋರಿಸುತ್ತೇನೆ’ ಎಂದು ಕರೆದೊಯ್ದು ಅಂಗಡಿಗಳಿಗೆ ಸುತ್ತಿಸುವುದು ಹಳೆಯ ವಂಚನೆ. ತೆರೆದಿರುವ ಸಮಯ ಗೊತ್ತಿದ್ದವರ ಹತ್ತಿರ ಅದು ನಡೆಯುವುದಿಲ್ಲ.

ಟಿಕೆಟ್ ವಿಷಯದಲ್ಲಿ ಜಾಗಗಳು ಎರಡು ಬಗೆ: ಹೋಗಿ ಕೊಳ್ಳಬಹುದಾದವು ಮತ್ತು ವಾರಗಳ ಮೊದಲೇ ಮುಗಿದುಹೋಗುವವು. ಆಮ್‌ಸ್ಟರ್‌ಡ್ಯಾಮ್‌ನ ಆ್ಯನ್ ಫ್ರ್ಯಾಂಕ್ ಮನೆಗೆ ಟಿಕೆಟ್ ಆನ್‌ಲೈನಿನಲ್ಲಿ ಮಾತ್ರ, ಪ್ರತಿ ಮಂಗಳವಾರ ಆರು ವಾರ ಮುಂದಿನ ದಿನಗಳಿಗೆ ಬಿಡುಗಡೆಯಾಗುತ್ತದೆ. ಮಿಲಾನ್‌ನಲ್ಲಿ ಲಿಯೊನಾರ್ಡೊನ ‘ಕೊನೆಯ ಭೋಜನ’ ಚಿತ್ರದ ಮುಂದೆ ಸಣ್ಣ ಗುಂಪುಗಳಿಗೆ ಹದಿನೈದೇ ನಿಮಿಷ, ಅದಕ್ಕೂ ಮುಂಗಡ ಬೇಕು. ರೋಮ್‌ನ ಬೋರ್ಗೇಸೆ ಗ್ಯಾಲರಿಯಲ್ಲಿ ಎರಡು ಗಂಟೆಯ ಸರದಿ. ಗ್ರನಾಡಾದ ಅಲ್‌ಹಂಬ್ರಾದಲ್ಲಿ ನಸ್ರಿದ್ ಅರಮನೆಗಳಿಗೆ ಟಿಕೆಟ್ಟಿನಲ್ಲಿ ನಮೂದಿಸಿದ ಸಮಯಕ್ಕೇ ಒಳಗೆ ಹೋಗಬೇಕು. ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಚರ್ಚಿಗೂ ಸಮಯ ನಿಗದಿಯಾದ ಟಿಕೆಟ್.

ಇಂಥ ಗಡಿಯಾರ ಕಟ್ಟಿದ ಜಾಗಗಳನ್ನು ದಿನಕ್ಕೆ ಒಂದೇ ಇಟ್ಟುಕೊಳ್ಳಿ, ಬೆಳಗಿನ ಮೊದಲ ಸರದಿಗೇ. ಎರಡನ್ನು ಒಂದೇ ದಿನ ಹಾಕಿಕೊಂಡರೆ ಮೊದಲನೆಯದರಲ್ಲಿ ಇರುವಾಗಲೂ ಕಣ್ಣು ಕೈಗಡಿಯಾರದ ಮೇಲೇ. ಅಧಿಕೃತ ತಾಣದಲ್ಲಿ ಮುಗಿದಿದ್ದರೆ ಅವತ್ತಿನ ದಿನಕ್ಕೆ ರದ್ದಾದ ಟಿಕೆಟ್ ಬರುತ್ತದೆಯೇ, ಸಂಜೆ ತಡವಾಗಿ ತೆರೆಯುವ ದಿನವಿದೆಯೇ ನೋಡಿ. ಲೂವ್ರ್ ಬುಧವಾರ, ಶುಕ್ರವಾರ ರಾತ್ರಿ 9ರವರೆಗೆ ತೆರೆದಿರುತ್ತದೆ. ಸಂಜೆ ಆರರ ನಂತರದ ಸಂಗ್ರಹಾಲಯಕ್ಕೂ ಬೆಳಗ್ಗೆ ಹನ್ನೊಂದರ ಸಂಗ್ರಹಾಲಯಕ್ಕೂ ಜನಸಂದಣಿಯಲ್ಲಿ ಅಜಗಜಾಂತರ. ಹುಡುಕಾಟದಲ್ಲಿ ಮೇಲೆ ಬರುವ ಮರುಮಾರಾಟದ ತಾಣಗಳು ಮಾತ್ರ ಅಧಿಕೃತದಂತೆಯೇ ಕಾಣುತ್ತವೆ, ವಿಳಾಸ ಸರಿಯಾಗಿ ಓದಿ.

ಹಂತ 6: ಊರನ್ನು ತುಂಡು ಮಾಡಿ

ಇನ್ನು ನಕ್ಷೆ. ಐದು ಜಾಗಗಳ ಜೊತೆಗೆ ‘ಹತ್ತಿರವಿದ್ದರೆ ನೋಡಬಹುದು’ ಎಂಬ ಹತ್ತು ಹನ್ನೆರಡು ಗುರುತುಗಳನ್ನೂ ಬೇರೆ ಬಣ್ಣದಲ್ಲಿ ಹಾಕಿ. ಗುಂಪುಗಳು ಕಣ್ಣಿಗೆ ಬೀಳುತ್ತವೆ. ಅರ್ಧ ದಿನಕ್ಕೆ ಒಂದು ಗುಂಪು, ಅಷ್ಟೇ ನಿಯಮ. ಗುಂಪಿನೊಳಗೆ ನಡಿಗೆ, ಗುಂಪಿನಿಂದ ಗುಂಪಿಗೆ ವಾಹನ. ಯಾವ ಗುಂಪಿಗೂ ಸೇರದೆ ಒಂಟಿಯಾಗಿ ಮೂಲೆಯಲ್ಲಿ ನಿಂತ ಗುರುತನ್ನು, ಅದೆಷ್ಟೇ ಪ್ರಸಿದ್ಧವಾಗಿದ್ದರೂ, ಅಳಿಸಿಹಾಕುವ ಧೈರ್ಯ ಬೇಕು. ಒಂಟಿ ಗುರುತೊಂದು ಹೋಗಿಬರಲು ಒಂದೂವರೆ ಗಂಟೆ ತಿಂದರೆ ಹನ್ನೆರಡರಲ್ಲಿ ಎಂಟನೇ ಒಂದು ಭಾಗ ಅದಕ್ಕೇ ಹೋಯಿತು.

ಇಸ್ತಾಂಬುಲ್ ಉದಾಹರಣೆಗೆ ಚೆನ್ನಾಗಿ ಒದಗುತ್ತದೆ, ಏಕೆಂದರೆ ನೀರು ಆ ಊರನ್ನು ಆಗಲೇ ಮೂರು ತುಂಡು ಮಾಡಿಟ್ಟಿದೆ: ಹಳೆಯ ನಗರದ ಪರ್ಯಾಯ ದ್ವೀಪ, ಗೋಲ್ಡನ್ ಹಾರ್ನ್ ಎಂಬ ಕೊಲ್ಲಿಯ ಆಚೆಯ ಗಲಾಟಾ, ಬಾಸ್ಫರಸ್ ಜಲಸಂಧಿಯ ಆಚೆಯ ಏಷ್ಯಾದ ದಂಡೆ. ಶನಿವಾರ, ಭಾನುವಾರ ಎರಡೇ ಪೂರ್ಣ ದಿನ ಇವೆ ಎಂದುಕೊಳ್ಳೋಣ.

ಮೊದಲ ಸುಳಿವು ಮುಚ್ಚುವ ದಿನದ್ದು. ಗ್ರ್ಯಾಂಡ್ ಬಜಾರ್ ಭಾನುವಾರ ಇಲ್ಲ, ಆದ್ದರಿಂದ ಹಳೆಯ ನಗರ ಶನಿವಾರಕ್ಕೇ ಬರಬೇಕು. ತೋಪ್‌ಕಾಪಿ ಅರಮನೆ ಮುಚ್ಚುವುದು ಮಂಗಳವಾರ, ಹಾಗಾಗಿ ತೊಂದರೆಯಿಲ್ಲ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ತೋಪ್‌ಕಾಪಿ, ಎರಡೂವರೆ ಗಂಟೆ. ಅಲ್ಲಿಂದ ಹಾಗಿಯಾ ಸೋಫಿಯಾಗೆ ಕೆಲವೇ ನಿಮಿಷದ ನಡಿಗೆ. ಅದರ ಎದುರಿಗೇ ನೀಲಿ ಮಸೀದಿ, ಪಕ್ಕದಲ್ಲಿ ನೆಲದಡಿಯ ಬೆಸಿಲಿಕಾ ಜಲಾಶಯ. ನೀಲಿ ಮಸೀದಿಯಲ್ಲಿ ಪ್ರಾರ್ಥನೆಯ ವೇಳೆ ಸಂದರ್ಶಕರನ್ನು ಬಿಡುವುದಿಲ್ಲ, ಪ್ರಾರ್ಥನೆಯ ವೇಳೆಯೋ ಋತುವಿನ ಪ್ರಕಾರ ಸರಿಯುತ್ತದೆ. ಅಂದಿನ ವೇಳಾಪಟ್ಟಿ ನೋಡಿ, ಆ ಹೊತ್ತನ್ನು ಊಟಕ್ಕೋ ಜಲಾಶಯಕ್ಕೋ ಕೊಡಿ. ಮೂರರ ಮೇಲೆ ಪಶ್ಚಿಮಕ್ಕೆ ಹದಿನೈದು ಇಪ್ಪತ್ತು ನಿಮಿಷ ನಡೆದರೆ ಬಜಾರು, ಅದರ ಹಿಂದಿನ ದಿಬ್ಬದ ಮೇಲೆ ವಾಸ್ತುಶಿಲ್ಪಿ ಸಿನಾನ್ ಕಟ್ಟಿದ, 1557ರಲ್ಲಿ ಪೂರ್ಣಗೊಂಡ ಸುಲೇಮಾನಿಯೆ ಮಸೀದಿ. ಅದರ ಅಂಗಳದಿಂದ ಗೋಲ್ಡನ್ ಹಾರ್ನ್ ಕಾಣುತ್ತದೆ, ಸಂಜೆ ಅಲ್ಲಿಗೆ ಮುಗಿಸಬಹುದು. ಇಡೀ ದಿನ ವಾಹನ ಹತ್ತಿಲ್ಲ ನೋಡಿ.

ಭಾನುವಾರ ಬೆಳಗ್ಗೆ ಗಲಾಟಾ. ಅಲ್ಲಿನ ನೀರಿನಂಚಿನ ಕರಾಕೊಯ್‌ನಿಂದ ಗುಡ್ಡ ಏರಲು 1875ರಿಂದ ಓಡುತ್ತಿರುವ ತ್ಯುನೆಲ್ ಎಂಬ ಪುಟ್ಟ ಸುರಂಗ ರೈಲಿದೆ. ಅದನ್ನು ಹತ್ತುವುದಕ್ಕೆ ಬಳಸಿ, ಇಳಿಯುವುದು ನಡೆದೇ. ಮಧ್ಯಾಹ್ನ ಕರಾಕೊಯ್‌ನಿಂದಲೇ ಕಡಿಕೊಯ್‌ಗೆ ದೋಣಿ. ಅರ್ಧ ಗಂಟೆಯೊಳಗೆ ಖಂಡ ಬದಲಾಗುತ್ತದೆ, ಮತ್ತು ದುಬಾರಿ ಬಾಸ್ಫರಸ್ ವಿಹಾರದಲ್ಲಿ ಕಾಣುವ ನೋಟದಲ್ಲಿ ಒಳ್ಳೆಯ ಪಾಲು ಜನಸಾಮಾನ್ಯರು ಓಡಾಡುವ ಈ ದೋಣಿಯಲ್ಲೇ ಸಿಗುತ್ತದೆ. ವಾಪಸಾತಿ ಮುಸ್ಸಂಜೆಗೆ ಬರುವಂತೆ ಇಟ್ಟುಕೊಳ್ಳಿ. ಡೊಲ್ಮಬಾಚೆ ಅರಮನೆ, ಚೋರಾ, ರಾಜಕುಮಾರರ ದ್ವೀಪಗಳು ಬಿಟ್ಟುಹೋದವು. ಹೋಗಲಿ ಬಿಡಿ.

ದಿನದ ನಕ್ಷೆಯನ್ನು ನಿಮಿಷದ ಲೆಕ್ಕದಲ್ಲಿ ತುಂಬಿಸಬೇಡಿ. ಪ್ರತಿ ಅರ್ಧ ದಿನಕ್ಕೂ ಒಂದು ಗಟ್ಟಿ ಗುರಿ, ಉಳಿದದ್ದು ಸಡಿಲ. ಮಳೆ ಬಂದರೆ ಎಂಬುದಕ್ಕೆ ಪ್ರತಿ ಗುಂಪಿನಲ್ಲೂ ಚಾವಣಿಯಿರುವ ಒಂದು ಜಾಗ ಗುರುತಿಸಿಟ್ಟರೆ ಸಾಕು, ಬೇರೆ ‘ಪರ್ಯಾಯ ಯೋಜನೆ’ ಬೇಡ. ಜೊತೆಗೆ ಬರುವವರಿದ್ದರೆ ಒಬ್ಬೊಬ್ಬರೂ ಬಿಡಲಾಗದ ಒಂದೇ ಒಂದು ಜಾಗವನ್ನು ಮುಂಚೆಯೇ ಹೇಳಲಿ. ಪಟ್ಟಿಯ ಐದರಲ್ಲಿ ಅವು ಮೊದಲು ಸೇರಬೇಕು. ಇಬ್ಬರಿಗೆ ಬೇಡದ್ದು ಮೂರನೆಯವರಿಗೆ ಬೇಕಿದ್ದರೆ ಒಂದು ಮಧ್ಯಾಹ್ನ ಬೇರೆ ಬೇರೆಯಾಗಿ ಸುತ್ತಿ ಸಂಜೆ ಸೇರಿ, ಸ್ನೇಹ ಉಳಿಯುತ್ತದೆ.

ಹಂತ 7: ಊರೊಳಗಿನ ಓಡಾಟ ಮತ್ತು ಪಾಸ್‌ಗಳು

ನೀವು ತಿಳಿದಿರಬೇಕಾದದ್ದು ಮೂರೇ ಸಂಗತಿ: ದುಡ್ಡು ಕೊಡುವುದು ಹೇಗೆ, ಕೊನೆಯ ಗಾಡಿ ಎಷ್ಟಕ್ಕೆ, ನಿಮ್ಮ ಕೋಣೆಗೆ ಯಾವ ಮಾರ್ಗ. ಲಂಡನ್ನಿನಲ್ಲಿ ಸಂಪರ್ಕರಹಿತ ಬ್ಯಾಂಕ್ ಕಾರ್ಡನ್ನೇ ಗೇಟಿಗೆ ತಾಗಿಸಬಹುದು, ದಿನದ ಒಂದು ಮಿತಿ ಮುಟ್ಟಿದ ಮೇಲೆ ಹೆಚ್ಚು ಕಡಿತವಾಗುವುದಿಲ್ಲ. ಆದರೆ ಬೆಳಗ್ಗೆ ಕಾರ್ಡ್, ಸಂಜೆ ಫೋನ್ ತಾಗಿಸಿದರೆ ಯಂತ್ರದ ಕಣ್ಣಿಗೆ ನೀವು ಇಬ್ಬರು ಪ್ರಯಾಣಿಕರು, ಮಿತಿಯ ಲಾಭ ತಪ್ಪುತ್ತದೆ. ಕೆಲವು ಊರುಗಳಲ್ಲಿ ಹೊರಬರುವಾಗಲೂ ತಾಗಿಸಬೇಕು, ಇನ್ನು ಕೆಲವಲ್ಲಿ ಕಾಗದದ ಟಿಕೆಟ್ಟಿಗೆ ಹತ್ತುವ ಮುನ್ನ ಯಂತ್ರದಲ್ಲಿ ಮುದ್ರೆ ಹಾಕಿಸಬೇಕು. ಟಿಕೆಟ್ ಇದ್ದೂ ಮುದ್ರೆಯಿಲ್ಲದೆ ದಂಡ ತೆತ್ತವರು ಬೇಕಾದಷ್ಟಿದ್ದಾರೆ.

ಪ್ರವಾಸಿ ಪಾಸ್ ಕೊಳ್ಳುವ ಮುನ್ನ ಬರಿಯ ಕೂಡಿಸುವ ಲೆಕ್ಕ ಮಾಡಿ. ಪಾಸ್‌ನಲ್ಲಿ ಅರವತ್ತು ಜಾಗಗಳಿರಬಹುದು, ನೀವು ಹೋಗುವುದು ಐದಕ್ಕೆ. ಆ ಐದರ ಬಿಡಿ ಟಿಕೆಟ್‌ಗಳ ಮೊತ್ತ ಪಾಸ್ ಬೆಲೆಗಿಂತ ಹೆಚ್ಚಾದರೆ ಮಾತ್ರ ಕೊಳ್ಳಿ. ‘ಹೇಗೂ ಪಾಸ್ ಇದೆಯಲ್ಲ’ ಎಂದು ಇನ್ನೂ ನಾಲ್ಕು ಕಡೆ ಓಡಿಸುವುದು ಪಾಸ್‌ನ ಸ್ವಭಾವ. ಪಾಸ್ ಇದ್ದರೂ ಸಮಯದ ಮುಂಗಡ ಬೇಕಾಗಬಹುದು. ಪ್ಯಾರಿಸ್ ಮ್ಯೂಸಿಯಂ ಪಾಸ್ ಇದ್ದವರೂ ಲೂವ್ರ್‌ಗೆ ಪ್ರತ್ಯೇಕವಾಗಿ ವೇಳೆ ಕಾಯ್ದಿರಿಸಬೇಕು.

ಹಂತ 8: ಹೊರಡುವ ಮುನ್ನಿನ ಸಂಜೆ

ಇದು ಬೇಗ ಮುಗಿಯುವ ಕೆಲಸ. ಊರಿನ ನಕ್ಷೆಯನ್ನು ಇಂಟರ್‌ನೆಟ್ ಇಲ್ಲದೆಯೂ ತೆರೆಯುವಂತೆ ಫೋನಿಗೆ ಇಳಿಸಿಕೊಳ್ಳಿ. ಕೋಣೆಯ ವಿಳಾಸವನ್ನು ಅಲ್ಲಿನ ಲಿಪಿಯಲ್ಲೇ ಚಿತ್ರವಾಗಿ ಇಟ್ಟುಕೊಳ್ಳಿ, ಚಾಲಕರಿಗೆ ತೋರಿಸಲು ಅದೇ ಬೇಕು. ಟಿಕೆಟ್‌ಗಳನ್ನೂ ಹಾಗೆಯೇ ಉಳಿಸಿ. ಹೊರದೇಶವಾದರೆ ಪಾಸ್‌ಪೋರ್ಟಿನ ಅವಧಿ ನೋಡಿ, ಆರು ತಿಂಗಳು ಬಾಕಿಯಿರಬೇಕೆಂದು ಹಲವು ದೇಶಗಳು ಕೇಳುತ್ತವೆ. ಇದನ್ನು ಮಾತ್ರ ಹಿಂದಿನ ಸಂಜೆಗೆ ಬಿಡದೆ ಟಿಕೆಟ್ ಕೊಳ್ಳುವ ಮೊದಲೇ ಮಾಡಿ. ಎರಡು ಕಾರ್ಡ್‌ಗಳಿದ್ದರೆ ಒಂದು ಜೇಬಿನಲ್ಲಿ, ಇನ್ನೊಂದು ಬ್ಯಾಗಿನಲ್ಲಿ. ಹಣದ ಯಂತ್ರ ‘ನಿಮ್ಮ ದೇಶದ ಹಣದಲ್ಲಿ ಲೆಕ್ಕ ಹಾಕಲೇ?’ ಎಂದು ಕೇಳಿದರೆ ಬೇಡವೆಂದು ಒತ್ತಿ, ಸ್ಥಳೀಯ ಹಣವನ್ನೇ ಆರಿಸಿ. ಆ ಸೌಜನ್ಯದ ಪ್ರಶ್ನೆಯಲ್ಲಿ ವಿನಿಮಯ ದರ ಸಾಮಾನ್ಯವಾಗಿ ನಿಮ್ಮ ವಿರುದ್ಧವೇ ಇರುತ್ತದೆ.

ಸಾಮಾನು ಒಂದೇ ಕೈಚೀಲ ಇರಲಿ. ನಿಲ್ದಾಣದಲ್ಲಿ ಸಾಮಾನು ಬರುವ ಬೆಲ್ಟಿನ ಮುಂದೆ ಕಾಯುವ ಅರ್ಧ ಗಂಟೆ ಉಳಿಯುವುದರ ಜೊತೆಗೆ, ಕೋಣೆ ಸಿದ್ಧವಿಲ್ಲದಿದ್ದರೂ ನೇರ ಊರು ಸುತ್ತಲು ಹೊರಡಬಹುದು. ಹೊಸ ಚಪ್ಪಲಿ ಶೂಗಳನ್ನು ಮನೆಯಲ್ಲೇ ಬಿಡಿ. ಇಂಥ ಪ್ರವಾಸದಲ್ಲಿ ದಿನಕ್ಕೆ ಹದಿನೈದು ಕಿ.ಮೀ. ನಡೆಯುವುದು ವಿಶೇಷವೇನಲ್ಲ, ಗುಳ್ಳೆ ಎದ್ದ ಕಾಲಿಗೆ ಯಾವ ಯೋಜನೆಯೂ ಒಗ್ಗುವುದಿಲ್ಲ.

ಹಂತ 9: ಇಳಿದ ಮೇಲೆ

ಮೊದಲ ರಾತ್ರಿ ಏನನ್ನೂ ‘ನೋಡುವ’ ಗೋಜಿಗೆ ಹೋಗಬೇಡಿ. ಕೋಣೆಯ ಸುತ್ತ ಅರ್ಧ ಗಂಟೆ ನಡೆಯಿರಿ: ನಿಲ್ದಾಣದ ಬಾಗಿಲು ಎಲ್ಲಿದೆ, ನೀರು ಎಲ್ಲಿ ಸಿಗುತ್ತದೆ, ಬೆಳಗ್ಗೆ ಬೇಗ ತೆರೆಯುವ ತಿಂಡಿಯ ಜಾಗ ಯಾವುದು. ಇದಿಷ್ಟು ಗೊತ್ತಿದ್ದರೆ ಶನಿವಾರದ ಬೆಳಗ್ಗೆ ತಡಕಾಡುವ ಒಂದು ಗಂಟೆ ಉಳಿಯುತ್ತದೆ. ಆ ಒಂದು ಗಂಟೆ ದಿನದಲ್ಲೇ ಬೆಲೆಬಾಳುವುದು. ಪ್ರಸಿದ್ಧ ಚೌಕ, ಸೇತುವೆಗಳು ಬೆಳಗ್ಗೆ ಎಂಟಕ್ಕೆ ಊರಿನವರದಾಗಿರುತ್ತವೆ, ಹತ್ತರ ಮೇಲೆ ಪ್ರವಾಸಿಗಳ ಕೈಗೆ ಹೋಗುತ್ತವೆ. ಪ್ರಾಗ್‌ನ ಚಾರ್ಲ್ಸ್ ಸೇತುವೆಯನ್ನು ಎರಡೂ ಹೊತ್ತಿನಲ್ಲಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ನಡಿಗೆ ಪ್ರವಾಸಕ್ಕೆ ಸೇರುವುದಾದರೆ ಮೊದಲ ಬೆಳಗ್ಗೆಯೇ ಸೇರಿ, ಕೊನೆಯ ದಿನವಲ್ಲ. ದಿಕ್ಕು ತಿಳಿಯುತ್ತದೆ, ಎಲ್ಲಿಗೆ ಮತ್ತೆ ಬರಬೇಕೆಂದು ಹೊಳೆಯುತ್ತದೆ. ಮಾರ್ಗದರ್ಶಕರನ್ನು ಕೇಳಬೇಕಾದ ಪ್ರಶ್ನೆ ‘ಒಳ್ಳೆಯ ಹೋಟೆಲ್ ಯಾವುದು’ ಎಂದಲ್ಲ, ‘ನಿನ್ನೆ ನೀವು ಎಲ್ಲಿ ಉಂಡಿರಿ’ ಎಂದು. ಊಟಕ್ಕೆ ದೊಡ್ಡ ಸ್ಮಾರಕದ ಎದುರಿನ ಸಾಲನ್ನು ಬಿಟ್ಟು ಎರಡು ಅಡ್ಡರಸ್ತೆ ಒಳಗೆ ಹೋಗಿ. ಮಧ್ಯಾಹ್ನ ಮೂರರ ಹೊತ್ತಿಗೆ ಎಲ್ಲರೂ ಸಿಡಿಮಿಡಿಗೊಳ್ಳುತ್ತಿದ್ದರೆ ಊರಿನ ತಪ್ಪಲ್ಲ, ಒಂದು ಬೆಂಚು ಹುಡುಕಿ ಕೂರಿ. ಪಟ್ಟಿಯಲ್ಲಿ ಉಳಿದದ್ದನ್ನು ಬಿಡುವುದಾದರೆ ಆಗಲೇ ಬಿಟ್ಟುಬಿಡಿ, ಸಂಜೆಯ ತನಕ ಎಳೆಯಬೇಡಿ.

ಹಂತ 10: ಕೊನೆಯ ದಿನವನ್ನು ಹಿಂದಿನಿಂದ ಲೆಕ್ಕ ಹಾಕಿ

ವಿಮಾನದ ಸಮಯದಿಂದ ಹಿಂದಕ್ಕೆ ಬನ್ನಿ. ಹೊರದೇಶದ ವಿಮಾನ 2ಕ್ಕೆ ಎಂದರೆ ನಿಲ್ದಾಣದಲ್ಲಿ 11.30. ಊರಿನಿಂದ ಪಯಣ ಐವತ್ತು ನಿಮಿಷ, ಒಂದು ಗಾಡಿ ತಪ್ಪಿದರೆ ಎಂದು ಇಪ್ಪತ್ತು ನಿಮಿಷ ಸೇರಿಸಿ: 10.20ಕ್ಕೆ ರೈಲು ನಿಲ್ದಾಣದಲ್ಲಿರಬೇಕು. ಸೋಮವಾರದ ಬೆಳಗ್ಗೆ ಕಚೇರಿಯ ದಟ್ಟಣೆ ಇರುತ್ತದೆ, ಟ್ಯಾಕ್ಸಿಯನ್ನು ನೆಚ್ಚಬೇಡಿ, ಹಳಿಯ ಮೇಲೆ ಓಡುವುದನ್ನೇ ಹಿಡಿಯಿರಿ. ಯಾವ ಟರ್ಮಿನಲ್ ಎಂದು ಹಿಂದಿನ ರಾತ್ರಿಯೇ ನೋಡಿ. ದೊಡ್ಡ ನಿಲ್ದಾಣಗಳಲ್ಲಿ ಟರ್ಮಿನಲ್‌ಗಳಿಗೆ ಬೇರೆ ಬೇರೆ ರೈಲು ನಿಲುಗಡೆಗಳೇ ಇರುತ್ತವೆ.

ವಿಮಾನ ಸಂಜೆಗಿದ್ದರೆ ಬ್ಯಾಗನ್ನು ಎಲ್ಲಿ ಇಡುತ್ತೀರಿ ಎಂಬುದು ಆ ದಿನದ ನಕ್ಷೆಯನ್ನು ತೀರ್ಮಾನಿಸುತ್ತದೆ. ಹೋಟೆಲಿನಲ್ಲೇ ಬಿಟ್ಟರೆ ಮತ್ತೆ ಅಲ್ಲಿಗೆ ಬರಬೇಕು. ವಿಮಾನ ನಿಲ್ದಾಣದ ಗಾಡಿ ಹೊರಡುವ ರೈಲು ನಿಲ್ದಾಣದಲ್ಲಿ ಲಾಕರ್ ಇದ್ದರೆ ಬೆಳಗ್ಗೆಯೇ ಅಲ್ಲಿಗೆ ಸಾಗಿಸಿ, ಆ ನಿಲ್ದಾಣದ ನಡಿಗೆಯ ದೂರದಲ್ಲಿರುವ ಗುಂಪನ್ನೇ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ. ವಾರಾಂತ್ಯದಲ್ಲಿ ಲಾಕರ್‌ಗಳು ಬೆಳಗ್ಗೆ ಹತ್ತರ ಹೊತ್ತಿಗೇ ತುಂಬಿಬಿಡುವುದುಂಟು, ಬೇಗ ಹೋಗಿ. ಲಾಕರಿನ ಸಂಖ್ಯೆಯ ಜೊತೆಗೆ ಅದು ನಿಲ್ದಾಣದ ಯಾವ ಬಾಗಿಲಿನ ಹತ್ತಿರವಿದೆ ಎಂಬುದರ ಫೋಟೊ ತೆಗೆದುಕೊಳ್ಳುವುದನ್ನು ಮರೆಯಬೇಡಿ.